ಎರಡನೆಯ ಬೇಸ್ ಬಾಕ್ಸ್

“ಅಜ್ಜಾರೇ, ಒಳ್ಳೆಯ ಕೆಲಸಕ್ಕೆ ತಡೆ ಯಾಕಿರಬೇಕು?” ಎಂದು ಶಿಷ್ಯ ರೇವಯ್ಯ ಗುರುಗಳನ್ನು ಕೇಳಿದ.

ಕೇಳಿದವನ ದನಿ ಒಡೆದಿತ್ತು. ಕೊರಳಿಗೆ ಒಂದು ಬಿಳಿ ಬಟ್ಟೆ ಸುತ್ತಿಕೊಂಡಿದ್ದ. ಇದೇನು ಎಂದು ಯಾರಾದರೂ ವಿಚಾರಿಸಿದರೆ, ಬೆಳಗಿನ ಗಾಳಿ ತಣ್ಣಗಿದೆ, ಅದಕ್ಕೇ ಸುತ್ತಿಕೊಂಡಿದ್ದೇನೆ ಎನ್ನುತ್ತಿದ್ದ. ಹಾಗೆ ಹೇಳಲು ಶುರು ಮಾಡಿದಾಗ ಚಳಿಗಾಲವಿತ್ತು. ಈಗ ಬೇಸಿಗೆ.

ರೇವಯ್ಯ ಈ ಪ್ರಶ್ನೆಯನ್ನು ಸುಮ್ಮನೆ ಕೇಳಿದ್ದಲ್ಲ. ಅದರ ಹಿಂದೆ ಒಂದು ಬೇಡಿಕೆ ಇತ್ತು. ಅದು ತಿಳಿಯಬೇಕಾದರೆ ಆ ಮಠದ ಪದ್ಧತಿ ತಿಳಿದಿರಬೇಕು.

ಅದು ಹೆದ್ದಾರಿಯ ಬದಿಯ ಒಂದು ಸಣ್ಣ ಮಠ. ಅಲ್ಲಿ ತಾಯತ ಕಟ್ಟುವುದಿಲ್ಲ, ಭವಿಷ್ಯ ಹೇಳುವುದಿಲ್ಲ. ಜನ ಬಂದು ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ, ಒಳಗೆ ಕೂತವರು ಅದನ್ನು ಪೂರ್ತಿ ಕೇಳಿ, ತೋಚಿದ ಒಂದು ಮಾತು ಹೇಳುತ್ತಾರೆ. ಅಲ್ಲಿ ನಡೆಯುವುದು ಅಷ್ಟೇ. ಮೊದಲು ಈ ಕೆಲಸವನ್ನು ಗುರುಗಳೇ ಮಾಡುತ್ತಿದ್ದರು. ಕಿವಿ ಮಂದವಾದ ಮೇಲೆ ಅದನ್ನು ರೇವಯ್ಯನಿಗೆ ಒಪ್ಪಿಸಿದ್ದರು. ರೇವಯ್ಯನಿಗೆ ಈ ಕೆಲಸದಲ್ಲಿ ಪ್ರೀತಿ ಇತ್ತು. ಬಂದವರಿಗೆ ಅವನು ನಾಳೆ ಬಾ ಎಂದದ್ದಿಲ್ಲ.

ಮಠದ ಬಾಗಿಲಲ್ಲಿ ಕಾಶವ್ವ ಎಂಬ ಮುದುಕಿ ಇದ್ದಳು. ರೇವಯ್ಯ ಮಠಕ್ಕೆ ಬರುವ ಮೊದಲಿನಿಂದಲೂ ಅವಳು ಅಲ್ಲಿದ್ದಳು. ಬಂದವರನ್ನು ಅವಳು ನೇರವಾಗಿ ಒಳಗೆ ಬಿಡುತ್ತಿರಲಿಲ್ಲ. ಮೊದಲು ಕಾಲು ತೊಳೆಸುತ್ತಿದ್ದಳು. ಆಮೇಲೆ ಕಟ್ಟೆಯ ಮೇಲೆ ಕೂರಿಸಿ ಒಂದು ತಂಬಿಗೆ ನೀರು ಕೊಡುತ್ತಿದ್ದಳು. ನೀರು ಕುಡಿದ ಮೇಲೆ ಒಂದೇ ಪ್ರಶ್ನೆ: “ಈ ಮಾತು ಮನಿಯಾಗ ಯಾರ ಮುಂದಾದ್ರೂ ಹೇಳೀಯೇನು?” ಇಲ್ಲ ಎಂದವರಿಗೆ, “ಹಂಗಾದ್ರ ಮೊದಲು ಅಲ್ಲಿ ಹೇಳಿ ಬಾ. ನಾವೇನು ಎಲ್ಲಿಗೂ ಹೋಗೂದಿಲ್ಲ,” ಎನ್ನುತ್ತಿದ್ದಳು. ಕೆಲವರು ಎದ್ದು ಮನೆಗೆ ಹೋಗುತ್ತಿದ್ದರು. ಕೆಲವರು ಅಲ್ಲೇ ಅವಳ ಮುಂದೆಯೇ ಅತ್ತು ಹಗುರಾಗುತ್ತಿದ್ದರು. ಉಳಿದವರು ಒಳಗೆ ಬರುತ್ತಿದ್ದರು.

ರೇವಯ್ಯನಿಗೆ ಇದು ಸರಿಬರಲಿಲ್ಲ. ಹಿಂದಿನ ದಿನ ಅವನು ಬಾಗಿಲಿಗೇ ಹೋಗಿ, “ಏನಜ್ಜೀ, ಇದು ಮಠಾನೋ, ತಾಲೂಕು ಕಚೇರಿಯೋ?” ಎಂದಿದ್ದ.

“ತಾಲೂಕು ಕಚೇರಿಯಾಗ ಯಾರು ನೀರು ಕೊಡ್ತಾರಪ್ಪಾ?” ಎಂದಿದ್ದಳು ಕಾಶವ್ವ.

ಕಟ್ಟೆಯ ಮೇಲೆ ಕೂತವರು ನಕ್ಕರು. ರೇವಯ್ಯ ನಗಲಿಲ್ಲ. ಕಾಶವ್ವನನ್ನು ಅಡುಗೆಮನೆಯ ಕೆಲಸಕ್ಕೆ ಹಾಕಿ, ಮುಂಬಾಗಿಲನ್ನು ಎಲ್ಲರಿಗೂ ತೆರೆದಿಡಬೇಕು ಎಂದು ಅವನು ಆಗಲೇ ನಿಶ್ಚಯಿಸಿದ. ಅದಕ್ಕೆ ಗುರುಗಳ ಒಂದು ‘ಹೂಂ’ ಸಾಕಿತ್ತು. ಅದನ್ನು ಪಡೆಯಲೆಂದೇ ಈಗ ಬಂದಿದ್ದ.

ಇನ್ನೊಂದು ಸಂಗತಿ ಇತ್ತು. ಅದನ್ನು ಅವನು ಗುರುಗಳಿಗೆ ಹೇಳಿರಲಿಲ್ಲ. ಅದೇ ಹಿಂದಿನ ದಿನ ಒಬ್ಬ ಹೆಂಗಸು ತನ್ನ ಮಗನ ಕುಡಿತದ ವಿಷಯ ಹೇಳುತ್ತಿದ್ದಾಗ, ರೇವಯ್ಯ ನಡುವೆಯೇ “ಸಾಕು, ನಿಲ್ಲಿಸು!” ಎಂದು ಕೂಗಿಬಿಟ್ಟಿದ್ದ. ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೋಗಿದ್ದಳು. ಗಂಟಲು ನೋಯುತ್ತಿತ್ತು, ಅದಕ್ಕೇ ಹಾಗಾಯಿತು ಎಂದು ರೇವಯ್ಯ ತನಗೆ ತಾನೇ ಹೇಳಿಕೊಂಡಿದ್ದ.

ಅವನು ಕಾಶವ್ವನ ವಿಷಯವನ್ನು ಗುರುಗಳ ಮುಂದೆ ಬಿಡಿಸಿ ಹೇಳಿದ. “ನನ್ನ ಬಳಿ ಕೊಡುವುದಕ್ಕೆ ಇದೆ. ಹೊರಗೆ ಬೇಕಾದವರಿದ್ದಾರೆ. ನಡುವೆ ಆ ಮುದುಕಿ ಕೂತಿದ್ದಾಳೆ. ಆ ತಡೆಯೊಂದನ್ನು ತೆಗೆದುಬಿಡಿ,” ಎಂದ.

ಗುರುಗಳು, “ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ,” ಎಂದರು.

ರೇವಯ್ಯ ಶರಣರ ಕತೆಯನ್ನೋ ಪುರಾಣದ ಕತೆಯನ್ನೋ ನಿರೀಕ್ಷಿಸಿದ್ದ. ಕಾರಿನ ಕತೆ ಎಂದಾಗ ಅವನಿಗೆ ತುಸು ಬೇಸರವಾಯಿತು. ಆದರೆ ಗುರುಗಳಿಗೆ ಅಂಥ ಕತೆ ಗೊತ್ತಿರುವುದು ಆಶ್ಚರ್ಯವಲ್ಲ. ಮಠದ ಎದುರು, ಹೆದ್ದಾರಿಯ ಆಚೆ, ಕಾರುಗಳಿಗೆ ಸೀಟು ಹೊಲಿಯುವ, ಸ್ಪೀಕರ್ ಕೂರಿಸುವ ಅಂಗಡಿಗಳ ಸಾಲಿತ್ತು. ಸಂಜೆ ಅಡ್ಡಾಡಲು ಹೋದಾಗ ಗುರುಗಳು ಅಲ್ಲಿನ ಬೆಂಚಿನ ಮೇಲೆ ಕೂರುತ್ತಿದ್ದರು. ರೇವಯ್ಯ ಗೋಡೆಗೆ ಒರಗಿ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ಅವನ ಕಾರು ಮದುವೆಯ ದಿಬ್ಬಣಗಳಿಗೆ ಹೋಗುತ್ತಿತ್ತು. ಅವನ ಸೀಮೆಯಲ್ಲಿ ಒಂದು ರೂಢಿ. ಹೆಣ್ಣನ್ನು ಕರೆತರುವ ಕಾರು ಗಂಡಿನ ಊರು ಮುಟ್ಟಿದೊಡನೆ ಹಾಡು ಹಾಕಬೇಕು. ಆ ಹಾಡು ಕಿವಿಗೆ ಬಿದ್ದ ಮೇಲೆಯೇ ಗಂಡಿನ ಮನೆಯವರು ಆರತಿ ಹಿಡಿದು ಎದುರುಗೊಳ್ಳಲು ಹೊರಗೆ ಬರುವುದು. ಹಾಡು ಕೇಳದೆ ಬಂದರೆ ಆತುರಗೆಟ್ಟವರು ಎಂದು ಜನ ಆಡಿಕೊಳ್ಳುತ್ತಾರೆ. ಹೀಗಾಗಿ ಕಾರಿನ ಹಾಡು ಎಷ್ಟು ದೂರ ಕೇಳಿಸುತ್ತದೆ ಎಂಬುದರ ಮೇಲೆ ಚಾಲಕನ ಮರ್ಯಾದೆ ನಿಂತಿತ್ತು.

ಕಾರಿನಲ್ಲಿ ಹಾಡಿನ ಪೆಟ್ಟಿಗೆಯ ಜೊತೆ ಒಂದು ಆಂಪ್ಲಿಫೈಯರ್ ಇತ್ತು. ಆಂಪ್ಲಿಫೈಯರ್ ಎಂದರೆ ಸಣ್ಣ ದನಿಗೆ ಬಲ ಕೊಟ್ಟು ದೊಡ್ಡದು ಮಾಡುವ ಯಂತ್ರ. ಅದನ್ನು ಮುಂದಿನ ಸೀಟಿನ ಕೆಳಗೆ ಕೂರಿಸಿದ್ದರು. ಕಾರಿನ ಹಿಂಭಾಗದಲ್ಲಿ ಒಂದು ಸಬ್‌ವೂಫರ್ ಇತ್ತು. ಡೊಳ್ಳಿನಂಥ ದಪ್ಪ ದನಿ ಅದರಿಂದ ಬರುತ್ತದೆ. ಜನ ಅದನ್ನು ಬೇಸ್ ಬಾಕ್ಸ್ ಎನ್ನುತ್ತಾರೆ, ನಾವೂ ಹಾಗೆಯೇ ಅನ್ನೋಣ.

ಪ್ರತಿ ಬೇಸ್ ಬಾಕ್ಸಿಗೂ ತನ್ನದೇ ಆದ ಒಂದು ತಡೆ ಇರುತ್ತದೆ. ಆಂಪ್ಲಿಫೈಯರಿನಿಂದ ಬರುವ ವಿದ್ಯುತ್ತನ್ನು ಅದು ಒಂದಿಷ್ಟು ತಡೆದು, ಉಳಿದಷ್ಟನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ. ಎಣ್ಣೆಯನ್ನು ಲೀಟರಿನಲ್ಲಿ ಅಳೆಯುವ ಹಾಗೆ ಈ ತಡೆಯನ್ನು ಓಮ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಚಾಲಕನ ಬೇಸ್ ಬಾಕ್ಸಿನ ಬೆನ್ನ ಮೇಲೆ ನಾಲ್ಕು ಓಮ್ ಎಂದು ಬರೆದಿತ್ತು. ಆಂಪ್ಲಿಫೈಯರಿನ ಬೆನ್ನ ಮೇಲೆ, ನಾಲ್ಕು ಓಮಿಗಿಂತ ಕಡಿಮೆ ಆಗಬಾರದು ಎಂದು ಬರೆದಿತ್ತು. ಎರಡಕ್ಕೂ ಹೊಂದಿಕೆಯಾಗಿತ್ತು. ಹಾಡು ಚೆನ್ನಾಗಿಯೇ ಬರುತ್ತಿತ್ತು.

ಹೀಗಿರುವಾಗ ಚಾಲಕನ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಅವನು ಸೋದರಮಾವ. ಹೆಣ್ಣನ್ನು ಕರೆದೊಯ್ಯಬೇಕಾದವನು ಅವನೇ, ಹೋಗಬೇಕಾದದ್ದು ಅವನ ಕಾರಿನಲ್ಲೇ. ಅದೇ ಸಮಯಕ್ಕೆ ಬಾಡಿಗೆ ಕಾರುಗಳ ನಿಲ್ದಾಣದಲ್ಲಿ ಇನ್ನೊಬ್ಬ ಚಾಲಕ, “ಅಲ್ಲೋ, ನಿನ್ನ ಕಾರು ಹಾಡತೈತೋ, ಜ್ವರ ಬಂದೋರ ಹಂಗ ನರಳತೈತೋ?” ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟ. ಆ ಮಾತು ನಟ್ಟಿತು. ಚಾಲಕ ಹೋಗಿ ಇನ್ನೊಂದು ಬೇಸ್ ಬಾಕ್ಸ್ ಕೊಂಡುತಂದ. ಅದೂ ನಾಲ್ಕು ಓಮಿನದೇ. ಅದನ್ನು ಜೋಡಿಸಿಕೊಡು ಎಂದು ಮೆಕ್ಯಾನಿಕ್ಕನ ಬಳಿಗೆ ಒಯ್ದ.

ಮೆಕ್ಯಾನಿಕ್ ನೋಡಿ, “ಬ್ಯಾಡಣ್ಣಾ, ನಿನ್ನ ಆಂಪ್ಲಿಫೈಯರ್ ತಾಳೂದಿಲ್ಲ. ತಡೆ ಎರಡು ಓಮಿಗೆ ಇಳೀತೈತಿ,” ಎಂದ.

ಚಾಲಕ ನಕ್ಕ. “ನಾಕಕ್ಕ ನಾಕು ಕೂಡಿದ್ರ ಎಂಟು. ನೀ ಸಾಲಿಗೆ ಹೋಗಿಯಿಲ್ಲೋ?”

“ಒಂದರ ಹಿಂದ ಒಂದು ಕಟ್ಟಿದ್ರ ಎಂಟು. ಪಕ್ಕಪಕ್ಕ ಕಟ್ಟಿದ್ರ ಎರಡು. ನಿನಗ ಪಕ್ಕಪಕ್ಕ ಬೇಕಲ್ಲ, ಗಟ್ಟಿ ಬರಬೇಕು ಅಂದ್ರ?”

ಇಲ್ಲಿ ರೇವಯ್ಯ, “ಎರಡು ಹೇಗಾಗುತ್ತದೆ ಅಜ್ಜಾರೇ? ನನಗೂ ಎಂಟು ಎಂದೇ ಅನ್ನಿಸುತ್ತದೆ,” ಎಂದ.

ಗುರುಗಳು ಬಿಡಿಸಿ ಹೇಳಿದರು. ಒಂದು ಕೋಣೆಯ ತುಂಬ ಜನ ಇದ್ದಾರೆ. ಹೊರಗೆ ಹೋಗಲು ಒಂದೇ ಬಾಗಿಲು. ಜನ ನಿಧಾನವಾಗಿ ಹೋಗುತ್ತಾರೆ. ಅದರ ಪಕ್ಕದಲ್ಲೇ ಅಷ್ಟೇ ಅಗಲದ ಇನ್ನೊಂದು ಬಾಗಿಲು ತೆರೆದರೆ ಏನಾಗುತ್ತದೆ? ಬಾಗಿಲು ಎರಡಾಯಿತು, ಆದರೆ ತಡೆ ಅರ್ಧವಾಯಿತು. ಅಷ್ಟೇ ಹೊತ್ತಿನಲ್ಲಿ ಎರಡು ಪಾಲು ಜನ ಹೊರಗೆ ಹೋಗುತ್ತಾರೆ. ಅದೇ ಬಾಗಿಲನ್ನು ಮೊದಲ ಬಾಗಿಲ ಹಿಂದೆ ಇಟ್ಟರೆ, ಒಂದನ್ನು ದಾಟಿದವರು ಇನ್ನೊಂದನ್ನೂ ದಾಟಬೇಕು. ಆಗ ತಡೆ ಎರಡರಷ್ಟಾಗುತ್ತದೆ. ವಿದ್ಯುತ್ತಿನದೂ ಹೀಗೆಯೇ. ಬಾಗಿಲು ಎಷ್ಟು ಅಗಲವೋ ಆಂಪ್ಲಿಫೈಯರ್ ಅಷ್ಟನ್ನು ಕೊಡಲು ಹೋಗುತ್ತದೆ. ತನ್ನ ಶಕ್ತಿ ಇಷ್ಟೇ ಎಂದು ಅದು ಲೆಕ್ಕ ಹಾಕುವುದಿಲ್ಲ. ಆ ಲೆಕ್ಕವನ್ನು ಅದರ ಪರವಾಗಿ ಇಟ್ಟಿರುವುದು ಎದುರಿನ ತಡೆ.

ರೇವಯ್ಯ ತಲೆಯಾಡಿಸಿದ. ಗುರುಗಳು ಮುಂದುವರಿಸಿದರು.

ಮೆಕ್ಯಾನಿಕ್ ಒಂದು ದಾರಿ ಹೇಳಿದ. ಈ ನಾಲ್ಕು ಓಮಿನವು ಬೇಡ, ಎಂಟು ಓಮಿನ ಎರಡು ಬೇಸ್ ಬಾಕ್ಸ್ ತಾ. ಅವನ್ನು ಪಕ್ಕಪಕ್ಕ ಕಟ್ಟಿದರೆ ಎಂಟರ ಅರ್ಧ ನಾಲ್ಕಾಗುತ್ತದೆ. ಡಬ್ಬಿಯೂ ಎರಡಾಗುತ್ತದೆ, ಆಂಪ್ಲಿಫೈಯರೂ ಉಳಿಯುತ್ತದೆ.

ಚಾಲಕನಿಗೆ ಸಿಟ್ಟು ಬಂತು. “ಎಂಟು ಅಂದ್ರ ತಡೆ ಮತ್ತೂ ಜಾಸ್ತಿ ಆತಲ್ಲೋ! ನಾ ಗಟ್ಟಿ ಹಾಡು ಕೇಳಿದ್ರ ನೀ ನನಗ ತಡೆ ಮಾರಾಕ ನಿಂತೀಯೇನು?” ಎಂದು ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಹೋದ. ಮನೆಯ ಅಂಗಳದಲ್ಲಿ ಕೂತು ತಾನೇ ಪಕ್ಕಪಕ್ಕ ಕಟ್ಟಿದ.

ಹಾಡು ಹಾಕಿದ. ಅದ್ಭುತವಾಗಿ ಬಂತು. ಕಾರಿನ ಗಾಜು ಅದುರಿತು. ನಿಲ್ದಾಣದಲ್ಲಿ ಅವನನ್ನು ಹಂಗಿಸಿದವನ ಕೈಯ ಚಹಾ ಲೋಟದಲ್ಲಿ ಅಲೆ ಎದ್ದಿತು. “ಈಗ ಹೇಳಪ್ಪಾ, ಯಾರು ನರಳತಾರ?” ಎಂದು ಚಾಲಕ ಕೇಳಿದ. ಆತ ಚಹಾ ಕುಡಿದು ಎದ್ದು ಹೋದ.

ಗುರುಗಳು ಕತೆಯ ನಡುವೆ ರೇವಯ್ಯನ ಕಡೆ ತಿರುಗಿದರು. “ತಡೆ ತೆಗೆದಾಗ ಮೊದಲು ಆಗುವುದು ಇದೇ. ದನಿ ಜಾಸ್ತಿಯಾಗುತ್ತದೆ. ಅದಕ್ಕೇ ತಪ್ಪು ಮಾಡಿದವನಿಗೆ ತಪ್ಪು ಮಾಡಿದೆ ಎನ್ನಿಸುವುದಿಲ್ಲ,” ಎಂದರು.

ರೇವಯ್ಯನಿಗೆ ಒಂದು ದಿನದ ನೆನಪಾಯಿತು. ಕಾಶವ್ವ ತಂಗಿಯ ಮೊಮ್ಮಗುವನ್ನು ನೋಡಲು ಊರಿಗೆ ಹೋಗಿದ್ದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಬಂದವರೆಲ್ಲ ನೇರ ಒಳಗೆ ಬಂದರು, ಒಬ್ಬರು ಹೇಳುತ್ತಿರುವಾಗಲೇ ಇನ್ನೊಬ್ಬರು ಶುರು ಮಾಡಿದರು. ರೇವಯ್ಯ ಊಟಕ್ಕೂ ಏಳಲಿಲ್ಲ. ಆ ದಿನ ಅವನಿಗೆ ತಾನು ಬಹಳ ದೊಡ್ಡವನಾದ ಹಾಗೆ ಅನ್ನಿಸಿತ್ತು. ಕೊರಳಿಗೆ ಬಟ್ಟೆ ಸುತ್ತಿಕೊಂಡದ್ದು ಅದರ ಮರುದಿನ. ಆದರೆ ಈ ಎರಡನ್ನೂ ಅವನು ಕೂಡಿಸಿ ನೋಡಲಿಲ್ಲ. ಕತೆ ಮುಂದಕ್ಕೆ ಹೋಗಲಿ ಎಂದು ಕಾದ.

ಆಂಪ್ಲಿಫೈಯರಿನ ಮೈಮೇಲೆ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಹೊರೆ ಹೆಚ್ಚಾದಾಗ ಅದು ಹತ್ತಿಕೊಳ್ಳುತ್ತದೆ. ಇನ್ನು ನನ್ನ ಕೈಲಾಗದು ಎಂದು ಯಂತ್ರಕ್ಕೆ ಹೇಳಲು ಇರುವುದು ಅದೊಂದೇ ಬಾಯಿ. ಚಾಲಕನ ಆಂಪ್ಲಿಫೈಯರಿನಲ್ಲೂ ಆ ದೀಪ ಹತ್ತಿತು. ಹತ್ತಿದಾಗ ಹಾಡು ಒಂದು ಗಳಿಗೆ ನಿಲ್ಲುತ್ತಿತ್ತು. ಚಾಲಕ ಆರಿಸಿ ಮತ್ತೆ ಹಾಕುತ್ತಿದ್ದ, ಹಾಡು ಬರುತ್ತಿತ್ತು. ಬರುತ್ತದಲ್ಲ, ಮತ್ತೇನು ಎಂದು ಅವನು ಸುಮ್ಮನಿದ್ದ.

ಆದರೆ ಮುಂದಿನ ಸೀಟಿನಲ್ಲಿ ಕೂತವರ ಕಾಲ ಬಳಿಯೇ ಆ ದೀಪ ಕಾಣುತ್ತಿತ್ತು. ಬಾಡಿಗೆಗೆ ಬಂದವರು, “ಇದೇನ್ರೀ ಕೆಂಪಗ ಹತ್ತೇತಿ?” ಎಂದು ಕೇಳುತ್ತಿದ್ದರು. “ಡೆಕೊರೇಷನ್ ರೀ,” ಎನ್ನುತ್ತಿದ್ದ ಚಾಲಕ. ಕೇಳುವವರು ಹೆಚ್ಚಾದರು. ಉತ್ತರ ಹೇಳಿ ಅವನಿಗೆ ಬೇಸರವಾಯಿತು. ಒಂದು ದಿನ ಕರೆಂಟಿನವರು ತಂತಿಗೆ ಸುತ್ತುವ ಕಪ್ಪು ಪಟ್ಟಿ ತಂದು ದೀಪದ ಮೇಲೆ ಅಂಟಿಸಿದ. ಆಮೇಲೆ ಯಾರೂ ಕೇಳಲಿಲ್ಲ. ಸ್ವಲ್ಪ ದಿನಕ್ಕೆ ಅವನಿಗೂ ಅಲ್ಲೊಂದು ದೀಪ ಇದೆ ಎಂಬುದು ಮರೆತುಹೋಯಿತು.

ಆಮೇಲೆ ಫ್ಯೂಸ್ ಹೋಯಿತು. ವಿದ್ಯುತ್ತು ಅತಿಯಾದಾಗ ತಾನು ಸತ್ತು ಉಳಿದದ್ದನ್ನು ಬದುಕಿಸುವ ಸಣ್ಣ ತಂತಿಗೆ ಫ್ಯೂಸ್ ಎನ್ನುತ್ತಾರೆ. ಹೊಸದು ಹಾಕಿದ, ಅದೂ ಹೋಯಿತು. ಮದುವೆ ಹತ್ತಿರ ಬಂದಿತ್ತು. ಅದರ ಜಾಗದಲ್ಲಿ ಅವನು ದಪ್ಪನೆಯ ತಾಮ್ರದ ತಂತಿ ಬಿಗಿದ. ಅದು ಹೋಗಲಿಲ್ಲ. ಸಮಸ್ಯೆ ಮುಗಿಯಿತು ಎಂದುಕೊಂಡ.

ಮದುವೆಯ ದಿನ ಬಂತು. ಹೆಣ್ಣನ್ನೂ ಅವಳ ದೊಡ್ಡಮ್ಮನನ್ನೂ ಕೂರಿಸಿಕೊಂಡು ಚಾಲಕ ಹೊರಟ. ಗಂಡಿನ ಊರಿನ ಹೆಬ್ಬಾಗಿಲು, ಅಗಸೆ, ದೂರದಲ್ಲಿ ಕಾಣುತ್ತಿದ್ದ ಹಾಗೆ, ಊರೆಲ್ಲ ಕೇಳಲಿ ಎಂದು ಹಾಡನ್ನು ಪೂರ್ತಿ ಏರಿಸಿದ. ಆ ದನಿಗೆ ಹೆಣ್ಣಿನ ಬಾಸಿಂಗ ನಡುಗಿತು.

“ಯಾರದೋ ರಬ್ಬರ ಚಪ್ಪಲಿ ಸುಡಾಕ ಹತ್ತೇತಿ ನೋಡ್ರಿ,” ಎಂದಳು ದೊಡ್ಡಮ್ಮ.

ಅದು ಚಪ್ಪಲಿಯ ವಾಸನೆಯಲ್ಲ. ಸೀಟಿನ ಕೆಳಗಿನಿಂದ ಹೊಗೆ ಬಂತು. ಹಾಡು ಸತ್ತಿತು. ಚಾಲಕ ಹೌಹಾರಿ ಕಾರು ನಿಲ್ಲಿಸಿ, ಎಲ್ಲರನ್ನೂ ಕೆಳಗಿಳಿಸಿ, ಮುಂದಿನ ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಕಿತ್ತ. ಬೆಂಕಿ ಹತ್ತಲಿಲ್ಲ, ಅಷ್ಟು ಪುಣ್ಯ. ಆದರೆ ಬ್ಯಾಟರಿ ಇಲ್ಲದ ಕಾರಿನಲ್ಲಿ ಹಾಡೂ ಇಲ್ಲ, ಹಾರ್ನೂ ಇಲ್ಲ. ಹಾಡು ಏರಿದ್ದು ಒಂದೇ ಉಸಿರಿನಷ್ಟು ಹೊತ್ತು. ಊರವರು ಅದನ್ನು ಹೆದ್ದಾರಿಯಲ್ಲಿ ಹೋದ ಯಾವುದೋ ಲಾರಿಯ ಸದ್ದು ಎಂದುಕೊಂಡರು.

ಹೆಣ್ಣು ಅಗಸೆಯ ಹೊರಗೆ ಬಿಸಿಲಲ್ಲಿ ನಿಂತಳು. ಒಳಗೆ ಗಂಡಿನ ಮನೆಯಲ್ಲಿ ಆರತಿ ತಟ್ಟೆ ಸಿದ್ಧವಾಗಿತ್ತು. ಎರಡರ ನಡುವೆ ಒಂದು ಬೀದಿ ಅಷ್ಟೇ ಇತ್ತು. ಹಾಡಿಗಾಗಿ ಅವರು ಕಾದರು, ಆರತಿಗಾಗಿ ಇವರು ಕಾದರು. ಹೆಣ್ಣಿನ ಕಣ್ಣು ತುಂಬಿ ಬಂತು. “ಮಾವಾ, ನೀನೇ ಹೋಗಿ ಹೇಳಿ ಬಾ,” ಎಂದಳು.

ಚಾಲಕ ರೇಷ್ಮೆ ಶಲ್ಯ ಹೆಗಲ ಮೇಲೆ ಹಾಕಿಕೊಂಡು ಬೀದಿಯಲ್ಲಿ ಓಡಿದ. ಗಂಡಿನ ಮನೆಯ ಮುಂದೆ ನಿಂತು, ಬೆನ್ನು ಬಾಗಿಸಿ ಏದುಸಿರು ಬಿಡುತ್ತ, “ಹೆಣ್ಣು ಬಂದೈತ್ರೀ!” ಎಂದು ಕೂಗಿದ.

ಒಳಗಿನಿಂದ ಒಬ್ಬ ಹಿರಿಯ ಹೊರಗೆ ಇಣುಕಿ, “ಬಂದೈತಿ ಅಂತೀರಿ, ಹಾಡು ಎಲ್ಲೈತಿ?” ಎಂದ.

ಮದುವೆ ಆಯಿತು. ಆಗದೇ ಇರಲಿಲ್ಲ. ಆದರೆ ಆ ಮಾತು ಊರಲ್ಲಿ ಉಳಿಯಿತು. ಮದುವೆಯ ಗಲಾಟೆ ಮುಗಿದ ಮೇಲೆ ಚಾಲಕ ಸುಟ್ಟ ಆಂಪ್ಲಿಫೈಯರನ್ನು ಹಿಡಿದು ಮೆಕ್ಯಾನಿಕ್ಕನ ಬಳಿಗೆ ಬಂದ. “ಇದು ನನಗ ಒಂದು ಮಾತೂ ಹೇಳದ ಸತ್ತುಹೋತು,” ಎಂದ. ಮೆಕ್ಯಾನಿಕ್ ಉಗುರಿನಿಂದ ಆ ಕಪ್ಪು ಪಟ್ಟಿಯನ್ನು ಕೆರೆದು ತೆಗೆದು, ಕೆಳಗಿದ್ದ ದೀಪವನ್ನು ಅವನಿಗೆ ತೋರಿಸಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ರೇವಯ್ಯ ಬುದ್ಧಿವಂತ. ಕತೆಯ ಅರ್ಥ ಅವನಿಗೆ ಆಗಿತ್ತು, ಅಥವಾ ಆಗಿದೆ ಎಂದು ಅವನಿಗೆ ಅನ್ನಿಸಿತ್ತು. ಮಠದ ಬಾಗಿಲಲ್ಲಿ ಕೂತ ಕಾಶವ್ವನೇ ಆ ತಡೆ. ಅವಳನ್ನು ತೆಗೆದರೆ ಬಾಗಿಲು ಅಗಲವಾಗುತ್ತದೆ, ಒಳಗೆ ಕೂತವನು ಸುಟ್ಟುಹೋಗುತ್ತಾನೆ. ಗುರುಗಳು ಹೇಳಿದ್ದು ಇಷ್ಟೇ ತಾನೇ? ಆದರೆ ಇದಕ್ಕೆ ಅವನ ಬಳಿ ಉತ್ತರ ಇತ್ತು.

“ಆಂಪ್ಲಿಫೈಯರ್ ಜಡ ವಸ್ತು, ಅಜ್ಜಾರೇ,” ಎಂದ ಅವನು. “ಅದಕ್ಕೆ ತನ್ನ ಮಿತಿ ಗೊತ್ತಿಲ್ಲ, ಅದಕ್ಕೇ ಎದುರಿಗೆ ತಡೆ ಬೇಕು. ನಾನು ಮನುಷ್ಯ. ನನಗೆ ಸಾಕಾದ ದಿನ ನನಗೇ ತಿಳಿಯುತ್ತದೆ. ಆ ದಿನ ನಾನೇ ಬಂದು ನಿಮಗೆ…”

‘ಹೇಳುತ್ತೇನೆ’ ಎನ್ನಲು ಹೋದ. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಕೆಮ್ಮಿದ. ಮತ್ತೆ ಪ್ರಯತ್ನಿಸಿದ. ಗಾಳಿ ಮಾತ್ರ ಬಂತು.

ಹೊರಗೆ ಬಾಗಿಲಲ್ಲಿ ತಂಬಿಗೆಗೆ ನೀರು ಸುರಿದ ಸದ್ದಾಯಿತು. “ಕೂಡವ್ವಾ, ಮೊದಲು ನೀರು ಕುಡಿ. ನಿನ್ನೆ ಅತ್ತುಕೋತ ಹೋದಿ, ಇವತ್ತು ಸಾವಕಾಶ ಹೇಳೀಯಂತ,” ಎಂದು ಕಾಶವ್ವ ಯಾರಿಗೋ ಹೇಳುತ್ತಿದ್ದಳು. ಯಾರಿಗೆ ಎಂಬುದು ರೇವಯ್ಯನಿಗೆ ಗೊತ್ತಾಯಿತು. ಅವನ ಮುಖ ಬಾಡಿತು. ಗುರುಗಳು ಅವನನ್ನೇ ನೋಡುತ್ತಿದ್ದರು.

“ರೇವಯ್ಯಾ, ಕೊರಳಿಗೆ ಸುತ್ತಿದ ಆ ಬಟ್ಟೆ ಬಿಚ್ಚು,” ಎಂದರು.

ರೇವಯ್ಯನ ಕೈ ಕೊರಳಿಗೆ ಹೋಗಿ, ಗಂಟಿನ ಮೇಲೆ ಹಾಗೆಯೇ ನಿಂತಿತು.